ಮುರಗೋಡದ ವಾಡೆಯ ಮಡಿವಾಳೆಪ್ಪ

ಮುರಗೋಡದಲ್ಲಿ ಯಾರೇ ಆಗಲಿ, ವಾಡೆ ಎಂಬ ಊರ ದೊಡ್ಡ ಮನೆಯ ಮಡಿವಾಳೆಪ್ಪನವರ ಕೈಗೆ ಸಿಕ್ಕರೆ ಅವರ ಮನೆ ನೋಡದೆ ಪಾರಾಗುವಂತಿರಲಿಲ್ಲ. ಪೋಸ್ಟಿನವನು ಕಾಗದ ಕೊಡಲು ಬಂದರೂ ಒಳಗೆ ಕರೆದು, "ಈ ಕಂಬಾ ಮುಟ್ಟಿ ನೋಡ್ರಿ, ಒಂದ ಸಾಗವಾನಿ ಗಿಡದ್ದು" ಎನ್ನುತ್ತಿದ್ದರು. ಬೆಳಕಿಂಡಿಯ ಬಿಸಿಲು ನೋಡಿ ಗಡಿಯಾರಕ್ಕಿಂತ ಸರಿಯಾಗಿ ವೇಳೆ ಹೇಳುತ್ತಿದ್ದರು. ಮಣ್ಣಿನ ಗೋಡೆಯ ದಪ್ಪ ಅವರ ಮಾತಿನಲ್ಲಿ ವರ್ಷಕ್ಕೊಂದು ಗೇಣು ಬೆಳೆಯುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತೈದರ ಹೊತ್ತಿಗೆ ಅದರೊಳಗೆ ಎರಡು ಎತ್ತು ಮಲಗುವಷ್ಟಾಗಿತ್ತು. "ನಮ್ಮ ಮುತ್ತ್ಯಾ ಕಟ್ಟಿದ ಮನಿ" ಎಂದು ಮುಗಿಸುತ್ತಿದ್ದರು. ಆ ವರ್ಷ ಮಕ್ಕಳ ಗಣತಿಗೆಂದು ಕನ್ನಡ ಶಾಲೆಯ ಹೊಸ ಶಿಕ್ಷಕಿ ಕೆಂಪವ್ವ ಬಂದರು. ಅವರಿಗೂ ಎಲ್ಲ ತೋರಿಸಿದ್ದಾಯಿತು. ಕೊನೆಯ ಮಾತಿಗೆ ಕೆಂಪವ್ವ ಮೆಲ್ಲಗೆ, "ಕಟ್ಟಿಸಿದವರು ನಿಮ್ಮ ಮುತ್ತ್ಯಾರಿ. ಮಣ್ಣು ತುಳದು ಈ ಗ್ವಾಡಿ ಕಟ್ಟಿದಾಂವ ನಮ್ಮ ಮುತ್ತ್ಯಾ, ದುರ್ಗಪ್ಪ. ಮನಿ ಮುಗದ ಮ್ಯಾಲ ಅವನ್ನ ಹೊಸ್ತಿಲಾ ದಾಟಗೊಡಲಿಲ್ಲಂತ" ಎಂದರು. ಮಡಿವಾಳೆಪ್ಪನವರು ಪಡಸಾಲೆಯಲ್ಲಿ ತಾವೇ ಜಮಖಾನೆ ಹಾಸಿದರು. "ಕುಂದರ್ರಿ ಅಕ್ಕೋರ. ದುರ್ಗಪ್ಪನವರು ಮಣ್ಣಿಗೆ ಏನೇನ ಕಲಸಿದ್ರು, ಹೆಂಗ ಕಟ್ಟಿದ್ರು, ನನಗೇನೂ ಗೊತ್ತಿಲ್ಲ. ನೀವ ಹೇಳ್ರಿ." ಕೆಂಪವ್ವ ಕುಳಿತು ಹೇಳತೊಡಗಿದರು. ಮಡಿವಾಳೆಪ್ಪನವರು ಮೊದಲ ಸಲ ತಮ್ಮ ಮನೆಯ ಕತೆಯನ್ನು ಇನ್ನೊಬ್ಬರ ಬಾಯಿಂದ ಕೇಳುತ್ತ ಕುಳಿತರು.