ಅಂಗಿಯ ನೂಲು

ಅರಸೀಕೆರೆಯ ಆ ಗೇಮಿಂಗ್ ಸೆಂಟರಿನ ಯಜಮಾನರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೊದಲು ಕೊಬ್ಬರಿ ವ್ಯಾಪಾರಿ, ರಾಶಿಯ ಮೇಲೆ ಹೊಳೆಯುವುದನ್ನೇ ಜೋಡಿಸಿಟ್ಟ ಕೈ. ಹಳೆಯ ಕಂಪ್ಯೂಟರುಗಳಲ್ಲೂ ಗ್ರಾಫಿಕ್ಸನ್ನು ತುತ್ತತುದಿಗೆ ಏರಿಸಿಡುತ್ತಿದ್ದರು. ಪರದೆಯಲ್ಲಿ ಚಿತ್ರ ಓಡುವ ವೇಗ, ಅದೇ ಫ್ರೇಮ್‌ರೇಟ್, ಬಿದ್ದು ಆಟ ತಡವರಿಸುತ್ತಿತ್ತು. ನಾವು ಇಳಿಸಿದರೆ, “ಕಾಣಕ್ಕೆ ಚೆಂದ ಇರ್ಬೇಕು ಕಣೋ” ಎಂದು ಮತ್ತೆ ಏರಿಸುವರು.

ಪಕ್ಕದ ಗಂಡಸಿ ಊರಿನ ತಂಡದೊಂದಿಗೆ ಪಂದ್ಯವಿದ್ದ ದಿನ ನಾನು ನೆರಳು, ನೀರಿನ ಹೊಳಪು ಎಲ್ಲ ತೆಗೆದು ಆಡುತ್ತಿದ್ದೆ. ಕೊನೆಗೆ ಉಳಿದದ್ದು ನಾನೊಬ್ಬ, ಆ ಕಡೆ ಒಬ್ಬ. ಅಷ್ಟರಲ್ಲಿ ಯಜಮಾನರು ನೆಂಟರನ್ನು ಕರೆತಂದು, ನನ್ನ ಮೌಸ್ ಕಿತ್ತುಕೊಂಡು ಎಲ್ಲವನ್ನೂ ಏರಿಸಿದರು. ಪರದೆ ನಿಂತುಹೋಯಿತು. ಮತ್ತೆ ಅಲುಗಾಡುವಷ್ಟರಲ್ಲಿ ಆಟದಲ್ಲಿ ನಾನು ಗುಂಡು ತಿಂದು ಬಿದ್ದಿದ್ದೆ.

“ನಿಮಗೆ ತಲೆ ಐತೇನ್ರೀ?” ಎಂದು ಕುರ್ಚಿ ತಳ್ಳಿ ಎದ್ದೆ. ಅವರು ತಿರುಗಲೇ ಇಲ್ಲ. ಪರದೆಯ ಮೇಲಿನ ನನ್ನ ಹೆಣ ತೋರಿಸುತ್ತ ನೆಂಟರಿಗೆ ಹೇಳುತ್ತಿದ್ದರು: “ಅಂಗಿ ನೂಲೂ ಕಾಣ್ತೈತೆ ನೋಡಿ.”