ಅಪ್ಪನ ಜೇಬಿನ ಫ್ಯೂಸ್

ಬೆಳಿಗ್ಗೆ ನಡುಮನೆಯಲ್ಲಿ ಬೆಸುಗೆಯ ವಾಸನೆ. ನೋಡಿದರೆ ಮೊಮ್ಮಗಳು ಸ್ಟೂಲ್ ಹತ್ತಿ, ಫೋನಿನಿಂದ ಲೈಟು ಹತ್ತಿಸಲು ತಾನೇ ಮಾಡಿ ಗೋಡೆಯ ಸ್ವಿಚ್ಚಿಗೆ ಜೋಡಿಸಿದ ಪುಟ್ಟ ಬೋರ್ಡಿನ ತಂತಿ ಬಿಗಿಮಾಡಲು ಹೊರಟಿದ್ದಾಳೆ.

"ಕರೆಂಟ್ ತೆಗೆದ್ಯೇನೇ?"

"ಫೋನಲ್ಲೇ ಆಫ್ ಮಾಡಿದೀನಿ ಅಜ್ಜಿ."

ಸಿದ್ದಾಪುರದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ನಮ್ಮಪ್ಪನ ಅಂಗಿಗೂ ಇದೇ ವಾಸನೆ. ಒಮ್ಮೆ ಮನೆಯಲ್ಲೇ ಬಲ್ಬಿನ ಹೋಲ್ಡರ್ ಬದಲಿಸಲು ಫ್ಯೂಸ್ ಕಿತ್ತು ಮೀಟರ್ ಹಲಗೆಯ ಮೇಲಿಟ್ಟಿದ್ದರು. ರೇಡಿಯೋ ನಿಂತಿತೆಂದು ನಾನು ಅದನ್ನು ವಾಪಸ್ ಸಿಕ್ಕಿಸಿಬಿಟ್ಟೆ. ಅಪ್ಪ ಸ್ಟೂಲಿನಿಂದ ಬಿದ್ದರು. ಎದ್ದು ಕೂತು, ಸುಟ್ಟ ಬೆರಳು ನೋಡಿಕೊಂಡು, "ತಪ್ಪು ನಿಂದಲ್ಲ ಕಣಮ್ಮ, ಕೈಗೆ ಸಿಗೋ ಹಾಗೆ ಇಟ್ಟೋನು ನಾನು" ಅಂದರು. ಬೈದಿದ್ದರೆ ಎಂದೋ ಮರೆಯುತ್ತಿದ್ದೆ. ಅಲ್ಲಿಂದಾಚೆಗೆ ಎಲ್ಲಿ ಕೆಲಸಕ್ಕೆ ಹೋದರೂ, ಕಿತ್ತ ಫ್ಯೂಸ್ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಅಪ್ಪನ ತಾಳ್ಮೆ ನನಗೆ ಬರಲಿಲ್ಲ. "ಫೋನಿಗೇನು ಗೊತ್ತೇ, ಇಳಿ ಕೆಳಗೆ" ಎಂದು ಗದರಿದೆ. ನಮ್ಮದು ಹಳೇ ಮನೆ, ಈಗಲೂ ಪಿಂಗಾಣಿ ಫ್ಯೂಸೇ. ಅದನ್ನು ಕಿತ್ತುಕೊಂಡು ಬಂದೆ. ಸೀರೆಗೆ ಜೇಬೆಲ್ಲಿ? ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸ್ಟೂಲಿನ ಪಕ್ಕದಲ್ಲೇ ಕುರ್ಚಿ ಎಳೆದು ಕೂತೆ.

"ಈಗ ಹತ್ತು."