ಹಿಟ್ಟಿನ ಕೊಕ್ಕೆ

ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಏಕಾಂತಯ್ಯನವರ ಮನೆ. ಭಾನುವಾರ ಮಧ್ಯಾಹ್ನ ಹೋದರೆ ಚಪಾತಿ ಹಿಟ್ಟನ್ನು ಎರಡು ಬಣ್ಣದಲ್ಲಿ ಕಲಸಿ ಇಟ್ಟಿರುತ್ತಿದ್ದರು, ಒಂದು ಬಿಳಿ, ಇನ್ನೊಂದು ಅರಿಶಿನ ಬೆರೆಸಿದ್ದು. ತಿನ್ನುವುದಕ್ಕಲ್ಲ.

ಜೆ.ಪಿ. ನಗರದ ಒಂದು ಫೋರ್ಜಿಂಗ್ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದವರು ಅವರು. ಕಾದ ಸರಳನ್ನು ನೇರವಾಗಿ ಕೊನೆಯ ಅಚ್ಚಿಗೆ ಹಾಕಿ ಬಡಿದರೆ ಲೋಹ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಹೊರಗೆ ನುಣುಪು, ಒಳಗೆ ಬಿರುಕು. ಅದಕ್ಕೇ ಮೊದಲು ಇನ್ನೊಂದು ಅಚ್ಚಿನಲ್ಲಿ ಅರ್ಧ ರೂಪ ಕೊಡಬೇಕು. ಎಲ್ಲಿ ದಪ್ಪ ಇರಬೇಕು, ಎಲ್ಲಿ ಸಣ್ಣ, ಎಷ್ಟು ಬಾಗಬೇಕು, ಅದನ್ನು ಯೋಚಿಸುವುದೇ ಏಕಾಂತಯ್ಯನವರ ಕೆಲಸ. ಕಂಪ್ಯೂಟರ್ ಗೊತ್ತಿಲ್ಲ. ಕಾದ ಲೋಹವೂ ಹಿಟ್ಟಿನಂತೆಯೇ ಹರಿಯುತ್ತದೆ ಎಂದು ಎರಡು ಬಣ್ಣದ ಹಿಟ್ಟನ್ನು ಪದರ ಪದರವಾಗಿಟ್ಟು ಮರದ ಅಚ್ಚಿನಲ್ಲಿ ಒತ್ತಿ, ದಾರದಿಂದ ಸೀಳಿ, ಹಳದಿ ಗೆರೆ ಹೇಗೆ ಹರಿದಿದೆ ಎಂದು ನೋಡುವರು. ಅದೇ ಶೆಡ್ಡಿನಲ್ಲಿ ಸುತ್ತಿಗೆ ಯಂತ್ರ ಓಡಿಸುತ್ತಿದ್ದವನು ನಾನು.

ಅವರು ಯೋಚಿಸಿದ ಆಕಾರದಲ್ಲಿ ಭಾರ ಎತ್ತುವ ಸಾವಿರಾರು ಚೈನ್ ಪುಲ್ಲಿ ಕೊಕ್ಕೆಗಳು ಹೋದವು. ಒಂಬತ್ತು ವರ್ಷದ ಹಿಂದೆ ಒಂದು ಮುರಿಯಿತು. ಗುಂಡಣ್ಣ ಎಂಬ ಹಮಾಲಿಯ ಮೇಲೆ ಗ್ರಾನೈಟ್ ಚಪ್ಪಡಿ ಬಿತ್ತು. ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟ. ಮಾಲೀಕರು ಮುರಿದ ಕೊಕ್ಕೆಯನ್ನು ತಂದು ಏಕಾಂತಯ್ಯನವರ ಮುಂದಿಟ್ಟರು. ಮುರಿದ ಜಾಗದೊಳಗೆ ಲೋಹದ ಮಡಿಕೆ ಕಾಣುತ್ತಿತ್ತು.

"ನಿಮ್ ಡಿಸೈನ್ ನೋಡ್ರೀ."

ಮಾರನೆಯ ದಿನದಿಂದ ಅವರು ಶೆಡ್ಡಿಗೆ ಬರಲಿಲ್ಲ. ಮರದ ಅಚ್ಚು ಮಾತ್ರ ಮನೆಗೆ ಬಂತು. ವಾರ ವಾರ ಅದೇ ಅರ್ಧ ರೂಪ ಮಾಡಿ ಒತ್ತುವರು, ಸೀಳುವರು. ಹಳದಿ ಗೆರೆ ಕಾಲುವೆಯ ನೀರಿನಂತೆ ಬಾಗಿ ಹೋಗಿರುತ್ತಿತ್ತು. ಮಡಿಕೆಯೇ ಇಲ್ಲ.

"ಮತ್ತೆ ಅದೊಂದ್ರಲ್ಲಿ ಎಲ್ಲಿಂದ ಬಂತೋ?" ಎಂದು ನನ್ನನ್ನೇ ಕೇಳುವರು. "ಗುಂಡಣ್ಣ ಬಾಗ್ಲಲ್ಲಿ ನಿಂತ್ಕೊಂಡು ಇದನ್ನೇ ಕೇಳ್ತಾನೆ ಕಣೋ."

"ಬೀದಿಗೆಲ್ಲಾ ಆಗೋಷ್ಟು ಹಿಟ್ಟು ನಿಮ್ ದೆವ್ವಕ್ಕೇ ಆಯ್ತು," ಎಂದು ಒಳಗಿನಿಂದ ಅವರ ಹೆಂಡತಿ ಗಿರಿಜಾದೇವಿ.

ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ಯುಗಾದಿಯ ಮುಂಚಿನ ಭಾನುವಾರ ಅವರು ಸೀಳಿದ ಹಿಟ್ಟನ್ನು ಮುದ್ದೆ ಮಾಡಿ ಬದಿಗೆಸೆದರು. "ನನ್ ಕೈಯೇ ಕೊಂದಿದ್ದು ಬಿಡು," ಎಂದರು. ನನಗೆ ರೇಗಿಹೋಯಿತು. ಅವರ ಮೇಲಲ್ಲ. ಹೊಸ ಹಿಟ್ಟು ತೆಗೆದು ಉದ್ದಕ್ಕೆ ಹೊಸೆದು, ಅರ್ಧ ರೂಪ ಕೊಡದೆಯೇ ಅಚ್ಚಿಗೆ ತುರುಕಿ ಗುದ್ದಿದೆ. ದಾರ ಎಳೆದೆ. ಕೊಕ್ಕೆಯ ಕುತ್ತಿಗೆಯಲ್ಲಿ ಹಳದಿ ನಾಲಿಗೆಯೊಂದು ಮಡಚಿಕೊಂಡಿತ್ತು.

ಅವರು ಕನ್ನಡಕ ಏರಿಸಿಕೊಂಡು ಆ ಮಡಿಕೆಯ ಮೇಲೆ ಬೆರಳಾಡಿಸಿದರು.

"ಆ ಕೊಕ್ಕೆ ಹೊಡ್ದ ದಿನ ಸೂಪರ್‌ವೈಸರ್ ಬೇಗ ಬೇಗ ಅಂತ ತಲೆ ತಿಂದಿದ್ದಣ್ಣ," ಎಂದೆ. " ಬೇಗ ತಾನೇ, ತಗೋ ಅಂತ ಮೊದಲ್ನೇ ಅಚ್ಚು ಬಿಟ್ಟು ನೇರ ಹೊಡ್ದುಬಿಟ್ಟೆ."

ಕಪಾಳಕ್ಕೆ ಬಿಡುತ್ತಾರೆ ಎಂದು ಕಾದೆ. ಅವರು ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಹಂಗೆ ಎಷ್ಟು ಪೀಸ್ ಹೊಡ್ದೆ?"

"ಆವತ್ತಿಂದು ಪೂರ್ತಿ. ನಲವತ್ತು."

"ಮಿಕ್ಕಿದ್ದೆಲ್ಲಿ?"

ಒಂಬತ್ತು ವರ್ಷ ಆ ಮುರಿದ ಒಂದು ಕೊಕ್ಕೆಯನ್ನೇ ನೆನೆದಿದ್ದೆ, ಮಿಕ್ಕವನ್ನಲ್ಲ.

"ಚಪ್ಪಲಿ ಹಾಕ್ಕೋ," ಎಂದರು.

ಆ ದಿನದ ಕೊಕ್ಕೆಗಳ ಬೆನ್ನ ಮೇಲೆ ಸಣ್ಣ ತ್ರಿಕೋನದ ಗುರುತಿದೆ. ಹುಳಿಮಾವಿನ ಕಡೆ ಏಳುತ್ತಿರುವ ಕಟ್ಟಡಗಳ ಮುಂದೆ, ಗ್ಯಾರೇಜುಗಳಲ್ಲಿ, ಕಲ್ಲಿನ ಅಂಗಡಿಗಳಲ್ಲಿ ಈಗ ನಾವಿಬ್ಬರೂ ಕತ್ತೆತ್ತಿ ನಿಲ್ಲುತ್ತೇವೆ. "ಏನ್ ಅಂಕಲ್, ಮೇಲೆ ರಂಭೆ ಕಾಣ್ತಿದಾಳಾ?" ಎಂದು ನಗುತ್ತಾರೆ. ಎರಡು ಸಿಕ್ಕಿವೆ. ಜಗಳವಾಡಿ ಇಳಿಸಿದೆವು. ಮೂವತ್ತೇಳು ಇನ್ನೂ ಯಾರದೋ ತಲೆಯ ಮೇಲೆ ಭಾರ ಹೊತ್ತು ತೂಗುತ್ತಿವೆ.